ಬಾವಿ ಮುಚ್ಚಿದ ವರ್ಷ

ಕಳೆದ ತಿಂಗಳು ಫಿಜಿಯೋ ಹುಡುಗಿ ಬಂದು ನನ್ನ ಕೋಣೆಯ ಬಾಗಿಲ ಮೇಲೆ ಒಂದು ರಾಟೆ ತೂಗುಹಾಕಿ ಹೋದಳು. ಅಂಗೈಯಲ್ಲಿ ಹಿಡಿಸುವಷ್ಟು ಪ್ಲಾಸ್ಟಿಕ್ ರಾಟೆ, ಅದರ ಮೇಲೆ ನೈಲಾನ್ ಹಗ್ಗ, ಹಗ್ಗದ ಎರಡು ತುದಿಗೂ ಹಿಡಿಕೆ. ನನ್ನ ಬಲಭುಜ ಬಿಗಿದುಕೊಂಡು ತಲೆ ಬಾಚಿಕೊಳ್ಳಲೂ ಆಗದ ಸ್ಥಿತಿಗೆ ಬಂದಿದೆ. ರಾಟೆಯ ಕೆಳಗೆ ಕುರ್ಚಿ ಹಾಕಿಕೊಂಡು ಎಡಗೈಯಿಂದ ಹಗ್ಗ ಜಗ್ಗಿದರೆ ಬಲಗೈ ಮೇಲಕ್ಕೆ ಹೋಗುತ್ತದೆ, ಜೀವ ಬಾಯಿಗೆ ಬರುತ್ತದೆ. "ಬಿಡಬೇಡಿ ಆಂಟಿ. ನೋವು ಅಂತ ಬಿಟ್ರೆ ಕೈ ಅಲ್ಲೇ ನಿಂತುಬಿಡತ್ತೆ" ಅಂದಳು. ಎಂಬತ್ತರ ಹತ್ತಿರ ಬಂದವಳನ್ನು ಆಂಟಿ ಎನ್ನುವ ಧಾರಾಳಿ.

ಮಾರನೆಯ ದಿನ ಒಬ್ಬಳೇ ಕೂತು ಜಗ್ಗಿದೆ. ರಾಟೆ ಕಿರ್ ಎಂದಿತು. ಜೆ.ಪಿ. ನಗರದ ಈ ನಾಲ್ಕನೇ ಮಹಡಿಯಲ್ಲಿ, ನೀರು ಎಲ್ಲಿಂದ ಬರುತ್ತದೆ ಎಂದು ಯಾರೂ ಕೇಳದ ಮನೆಯಲ್ಲಿ, ರಾಟೆಯ ಸದ್ದು ಕೇಳಿ ನನ್ನ ಕೈ ಹಗ್ಗದ ಮೇಲೆ ಹಾಗೇ ನಿಂತಿತು. ಅದು ತ್ಯಾಗರಾಜನಗರದ ನಮ್ಮ ಹಿತ್ತಲ ಬಾವಿಯ ಸದ್ದು. ನಂಜತ್ತೆಯ ಸದ್ದು ಎಂದರೂ ಸರಿಯೇ.

ನಂಜತ್ತೆ ನಮ್ಮಪ್ಪನ ಅಕ್ಕ. ಗಂಡನ ಮುಖ ಸರಿಯಾಗಿ ನೋಡುವ ಮೊದಲೇ ಗಂಡ ಹೋಗಿದ್ದ. ತವರಿಗೆ ವಾಪಸು ಬಂದು, ನಮ್ಮ ತಾತ ತೀರಿಕೊಂಡ ಮೇಲೆ ತಮ್ಮನ ಮನೆ ಸೇರಿದವರು. ಬೋಳಿಸಿದ ತಲೆ, ಕೆಂಪು ಸೀರೆ, ಒಪ್ಪೊತ್ತು ಊಟ. ಅದನ್ನೆಲ್ಲ ಬರೆದು ಕಣ್ಣೀರು ಹಾಕಿಸುವುದು ನನಗಿಷ್ಟವಿಲ್ಲ, ಅವರಿಗಂತೂ ಸೇರುತ್ತಲೇ ಇರಲಿಲ್ಲ. ನನಗೆ ನೆನಪಿರುವುದು ಅವರ ತೋಳು. ಮೊಣಕೈಯಿಂದ ಭುಜದವರೆಗೆ ಒಂದೇ ಸಮನೆ ಗಟ್ಟಿಯಾಗಿದ್ದ ತೋಳು. ತುಂಬಿದ ಬಿಂದಿಗೆಯನ್ನು ಸೊಂಟಕ್ಕೆ ತಗುಲಿಸಿ, ಇನ್ನೊಂದನ್ನು ಕೈಯಲ್ಲಿ ಹಿಡಿದು, ಬಾವಿಕಟ್ಟೆಯಿಂದ ಅಡುಗೆಮನೆಗೆ ಒಂದು ಹನಿ ಚೆಲ್ಲದೆ ನಡೆದು ಬರುತ್ತಿದ್ದರು. ನಮ್ಮಮ್ಮ ಅವರ ಅರ್ಧ ವಯಸ್ಸಿನವಳು, ಒಂದು ಬಿಂದಿಗೆ ಎತ್ತಿದರೆ ಉಸ್ಸೆನ್ನುತ್ತಿದ್ದಳು.

ಅರವತ್ತರ ದಶಕದ ಶುರು. ಆಗ ತ್ಯಾಗರಾಜನಗರ ಎಂದರೆ ಊರು ಮುಗಿಯುವ ಜಾಗ. ಮನೆಯ ಹಿಂದೆ ಒಂದಿಷ್ಟು ಖಾಲಿ ಸೈಟು, ಆಮೇಲೆ ಯಡಿಯೂರಿನವರ ಉಳಿದ ರಾಗಿ ಹೊಲ, ಕೆರೆ. ಕೆರೆ ತುಂಬಿದರೆ ನಮ್ಮ ಬಾವಿಯ ನೀರು ಬಗ್ಗಿ ನೋಡಿದವರ ಮುಖ ತೋರಿಸುವಷ್ಟು ಮೇಲೆ ಬರುತ್ತಿತ್ತು, ಕೆರೆ ಬತ್ತಿದರೆ ತಳ ಹಿಡಿಯುತ್ತಿತ್ತು. ಮುಂದಿನ ಅಂಗಳಕ್ಕೆ ಅದಾಗಲೇ ನಲ್ಲಿ ಬಂದಿತ್ತು. ಅಮ್ಮ ಆ ನಲ್ಲಿಗೆ ಅರಿಸಿನ ಕುಂಕುಮ ಹಚ್ಚಿದ್ದಳು. ನಂಜತ್ತೆ ಮಾತ್ರ ಅದರ ಹತ್ತಿರ ಸುಳಿಯಲಿಲ್ಲ. ನಲ್ಲಿಯೊಳಗೆ ತೊಗಲಿನ ವಾಷರ್ ಇರುತ್ತದೆ, ತೊಗಲು ಮುಟ್ಟಿದ ನೀರು ಮಡಿಗೆ ಬಾರದು ಎಂಬುದು ಆ ಕಾಲದ ಎಷ್ಟೋ ಮಡಿ ಹೆಂಗಸರ ಕಟ್ಟು. ನಂಜತ್ತೆಯದು ಇನ್ನೂ ಒಂದು ಕೈ ಮೇಲು. ತಾನೇ ಸೇದಿದ ನೀರು, ತಾನೇ ಮಾಡಿದ ಅಡುಗೆ. ಅಮ್ಮ ಮಡಿಯುಟ್ಟು ಸೇದಿಕೊಡುತ್ತೇನೆ ಎಂದರೂ ಬೇಡ. ಅದರ ಮೇಲೆ, ಯಾರೂ ಹೇಳದಿದ್ದರೂ, ಮನೆಮಂದಿಯ ಸ್ನಾನದ ಹಂಡೆಯನ್ನೂ ಅವರೇ ಬಾವಿಯಿಂದ ತುಂಬುತ್ತಿದ್ದರು. ನಲ್ಲಿ ಇದೆಯಲ್ಲ ಅತ್ತಿಗೆ ಎಂದು ಅಮ್ಮ ಅಂದರೆ, ನಲ್ಲಿ ಇವತ್ತು ಬಂತು ನಾಳೆ ಹೋಯಿತು ಎನ್ನುತ್ತಿದ್ದರು.

ನಾನು ಪಿ.ಯು.ಸಿ.ಗೆ ಸೇರುವ ಮುಂಚಿನ ಬೇಸಿಗೆ. ಹಿಂದಿನ ವರ್ಷ ಮಳೆ ಕೈಕೊಟ್ಟಿತ್ತು. ಯಡಿಯೂರು ಕೆರೆಯ ಅಂಚಿನ ಕೆಸರು ಬಿರುಕು ಬಿಟ್ಟಿತ್ತು, ಬಾವಿಯ ಹಗ್ಗಕ್ಕೆ ಇನ್ನೊಂದು ಹಗ್ಗ ಗಂಟು ಹಾಕಿದ್ದೆವು. ಒಂದು ಬೆಳಿಗ್ಗೆ ರಾಟೆ ಎಂದಿನಂತೆ ಕಿರ್ ಕಿರ್ ಎನ್ನುತ್ತಿದ್ದದ್ದು ಒಮ್ಮೆಗೇ ಗಡಗಡನೆ ಉರುಳಿತು, ಕೆಳಗೆ ಬಿಂದಿಗೆ ಬಂಡೆಗೆ ಬಡಿದ ಸದ್ದು ಕೇಳಿತು. ಓಡಿಹೋಗಿ ನೋಡಿದರೆ ನಂಜತ್ತೆ ಎರಡೂ ಅಂಗೈಗಳನ್ನು ತಿರುಗಿಸಿ ನೋಡಿಕೊಳ್ಳುತ್ತಾ ನಿಂತಿದ್ದಾರೆ. ಹಗ್ಗ ಜಾರಿ ಚರ್ಮ ಸುಲಿದಿತ್ತು. ಹಗ್ಗ ಒದ್ದೆಯಾಗಿತ್ತು, ಅಷ್ಟೇ ಎಂದರು. ಒದ್ದೆ ಹಗ್ಗವನ್ನು ಅವರು ಹುಟ್ಟಿದಾಗಿನಿಂದ ಹಿಡಿದಿದ್ದರು, ಆ ಮಾತನ್ನು ಅವರೂ ನಂಬಿದ ಹಾಗೆ ಕಾಣಲಿಲ್ಲ.

ಅದಾದ ಮೇಲೆ ನಂಜತ್ತೆಗೆ ಇದ್ದಕ್ಕಿದ್ದಂತೆ ಭಕ್ತಿ ಹೆಚ್ಚಿತು. ಬೆಳಿಗ್ಗೆ ಒದ್ದೆ ಸೀರೆಯಲ್ಲಿ ತುಳಸಿಕಟ್ಟೆಗೆ ಹೆಜ್ಜೆ ನಮಸ್ಕಾರ ಹಾಕತೊಡಗಿದರು. ಒಂದು ಹೆಜ್ಜೆ, ಮಂಡಿಯೂರಿ ಒಂದು ನಮಸ್ಕಾರ, ಮತ್ತೆ ಎದ್ದು ಒಂದು ಹೆಜ್ಜೆ. ಮೊದಮೊದಲು ಏಳುವಾಗ ಕಟ್ಟೆಯ ಅಂಚು ಹಿಡಿಯುತ್ತಿದ್ದರು, ಆಮೇಲೆ ಬಿಟ್ಟರು. ಅಮ್ಮ ಅದನ್ನು ನೋಡಿ, ಮಳೆಗೋಸ್ಕರ ಹರಕೆ ಹೊತ್ತಿರಬೇಕು ಎಂದು ಬೀದಿಯ ಹೆಂಗಸರಿಗೆಲ್ಲ ಹೇಳಿದಳು. ಇಬ್ಬರು ಬಂದು ಅವರ ಕಾಲಿಗೆ ದೂರದಿಂದಲೇ ನಮಸ್ಕಾರ ಮಾಡಿಯೂ ಹೋದರು.

ನನಗೆ ಅನುಮಾನ ಬಂದದ್ದು ಒರಳಿನ ಗುಂಡುಕಲ್ಲಿನಿಂದ. ಅದು ಎಂದೂ ಒರಳಿನಲ್ಲಿ ಇರುತ್ತಿರಲಿಲ್ಲ. ಒಮ್ಮೆ ಬಾವಿಕಟ್ಟೆಯ ಬಳಿ, ಒಮ್ಮೆ ನುಗ್ಗೆಮರದ ಕೆಳಗೆ, ಒಮ್ಮೆ ಬಚ್ಚಲ ಬಾಗಿಲಲ್ಲಿ. ಯಾರು ಎತ್ತಿಡುತ್ತಾರೆ ಎಂದು ಒಂದು ದಿನ ಅಡುಗೆಮನೆಯ ಕಿಟಕಿಯಿಂದ ನೋಡುತ್ತಾ ನಿಂತೆ. ನಂಜತ್ತೆ ಗುಂಡುಕಲ್ಲನ್ನು ಎದೆಗೆ ಅವುಚಿಕೊಂಡು ಹಿತ್ತಲ ಈ ಮೂಲೆಯಿಂದ ಆ ಮೂಲೆಗೆ ನಡೆಯುತ್ತಿದ್ದರು. ಕತ್ತಿನ ನರ ಉಬ್ಬಿತ್ತು, ತುಟಿ ಅಲುಗುತ್ತಿತ್ತು, ಬಹುಶಃ ವಿಷ್ಣುಸಹಸ್ರನಾಮ.

ಅವತ್ತು ಮಧ್ಯಾಹ್ನ, ಅವರು ಊಟ ಮುಗಿಸಿ ಮಡಿ ಬಿಟ್ಟ ಹೊತ್ತಿನಲ್ಲಿ, ಕೇಳಿಯೇಬಿಟ್ಟೆ. ಬೈಯುತ್ತಾರೆ ಅಂದುಕೊಂಡಿದ್ದೆ. ಬೈಯಲಿಲ್ಲ. ಸೆರಗು ಸರಿಸಿ, ತೋಳು ಮುಂದೆ ಚಾಚಿ, ಹಿಡಿದು ನೋಡು ಎಂದರು. ನನಗೆ ಬುದ್ಧಿ ಬಂದ ಮೇಲೆ ಅವರನ್ನು ಮುಟ್ಟಿದ್ದು ಅದೇ ಮೊದಲು. ಭುಜದ ಕೆಳಗೆ ಚರ್ಮ ಸಡಿಲವಾಗಿ ಬೆರಳಿಗೆ ಸಿಕ್ಕಿತು, ಅದರೊಳಗೆ ನಾನು ಎಣಿಸಿದ್ದ ಗಟ್ಟಿತನ ಇರಲಿಲ್ಲ.

"ಹೋದ ವರ್ಷ ಹೀಗಿರಲಿಲ್ಲ ಕಣೇ ಶಾರೂ" ಅಂದರು. "ಕೂತರೆ ಏಳೋಕೆ ನೆಲ ಊರ್ಕೋಬೇಕು. ರಾತ್ರಿ ಬೆರಳು ಮುದುಡಿಕೊಂಡಿರತ್ತೆ, ಒಂದೊಂದಾಗಿ ಬಿಡಿಸ್ಕೋಬೇಕು. ಸುಮ್ಮನೆ ಬಿಟ್ಟರೆ ಪೂರ್ತಿ ಹೋಗತ್ತೆ."

ಅಮ್ಮ ಸೇದಿಕೊಟ್ಟರೆ ಏನಾಯಿತು, ಅವಳೂ ಮಡಿಯಲ್ಲೇ ಸೇದುತ್ತಾಳಲ್ಲ ಎಂದೆ. ಅವರು ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದರು.

"ಎಲ್ಲರೂ ಮಡಿ ಅಂದ್ಕೊಂಡಿದಾರೆ. ಅಂದ್ಕೊಳ್ಳಲಿ. ಕೈಕಾಲು ಗಟ್ಟಿಯಿರೋವರೆಗೆ ನಾನು ನಿಮ್ಮಪ್ಪನ ಅಕ್ಕ. ಅದಾದ ಮೇಲೆ ನಿಮ್ಮನೇಲಿ ಬಿದ್ದಿರೋ ಮುದುಕಿ. ಗೊತ್ತಾಯ್ತಾ?"

ನನಗೆ ಅರ್ಧ ಗೊತ್ತಾಯಿತು. ಉಳಿದರ್ಧ ಗೊತ್ತಾಗಲು ನನಗೇ ವಯಸ್ಸಾಗಬೇಕಾಯಿತು. ಯಾರಿಗೂ ಹೇಳಕೂಡದು ಎಂದರು, ನಾನು ಹೇಳಲಿಲ್ಲ. ಎರಡು ತಿಂಗಳಲ್ಲಿ ಅವರು ಕಲ್ಲನ್ನು ಎತ್ತಿ ಬಾವಿಕಟ್ಟೆಯ ಮೇಲೆ ಇಡುವಷ್ಟಾದರು. ಹಗ್ಗ ಮತ್ತೆ ಜಾರಲಿಲ್ಲ. ಅಂಗೈಯ ಗಾಯ ಒಣಗಿ ಹೊಸ ಚರ್ಮ ಬಂತು.

ಆದರೆ ಅಪ್ಪ ಆ ಗಾಯವನ್ನು ನೋಡಿಬಿಟ್ಟಿದ್ದರು. ಅಪ್ಪ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರು, ಒಳ್ಳೆಯವರು, ಒಳ್ಳೆಯದನ್ನು ಯಾರನ್ನೂ ಕೇಳದೆ ಮಾಡುವ ಜಾತಿ. ಅಕ್ಕಯ್ಯ ಒಂದು ದಿನ ಹಗ್ಗದ ಜೊತೆ ಬಾವಿಗೆ ಹೋಗುತ್ತಾಳೆ ಎಂಬ ಭಯ ಅವರಿಗೆ ಹೊಕ್ಕಿತು. ಆಷಾಢದಲ್ಲಿ ಒಂದು ಭಾನುವಾರ ಗಾಡಿಯಲ್ಲಿ ಹಸಿರು ಬಣ್ಣದ ಕೈಪಂಪು ಬಂದಿಳಿಯಿತು. ಜೊತೆಗೆ ಯಡಿಯೂರಿನ ಮುನಿಸ್ವಾಮಿ. ಅವನ ಹೊಲ ಬಡಾವಣೆಗೆ ಹೋದ ಮೇಲೆ ಪಂಪು, ಕೊಳಾಯಿ ರಿಪೇರಿ ಕಲಿತು ಈ ಕಡೆಯ ಮನೆಗಳಿಗೆಲ್ಲ ಬರುತ್ತಿದ್ದ. ಬಾವಿಯ ಬಾಯಿಗೆ ಎರಡು ದೊಡ್ಡ ಕಲ್ಲುಚಪ್ಪಡಿ ಹೊದಿಸಿ, ಒಂದರಲ್ಲಿ ತೂತು ಕೊರೆದು ಪೈಪು ಇಳಿಸಿ, ಪಂಪನ್ನು ಅಡುಗೆಮನೆಯ ಮೆಟ್ಟಿಲ ಪಕ್ಕಕ್ಕೇ ತಂದು ನಿಲ್ಲಿಸಿದರು. ರಾಟೆ ಬಿಚ್ಚಿ ಅಟ್ಟಕ್ಕೆ ಹಾಕಿದರು.

ನಂಜತ್ತೆ ಬಚ್ಚಲ ಬಾಗಿಲಲ್ಲಿ ನಿಂತು ಎಲ್ಲ ನೋಡುತ್ತಿದ್ದರು. ಕೊನೆಗೆ ಕೇಳಿದ್ದು ಒಂದೇ ಮಾತು, ಇದರೊಳಗೆ ತೊಗಲು ಇದೆಯೋ ಇಲ್ಲವೋ. ಇಲ್ಲ ಅಕ್ಕಯ್ಯ, ಹೇಳಿ ರಬ್ಬರಿನದು ಹಾಕಿಸಿದ್ದೇನೆ ಎಂದರು ಅಪ್ಪ. ತಮ್ಮನ ಮಾತಿಗೆ ಅವರು ಎದುರಾಡಲಿಲ್ಲ. ತಮ್ಮ ಇಷ್ಟು ಮಾಡಿಸಿದನಲ್ಲ ಎಂಬ ಸಂತೋಷವೂ ಇತ್ತು, ಅದನ್ನು ನಾನು ಇಲ್ಲವೆನ್ನಲಾರೆ. ಮೊದಲ ನೀರು ಬಂದಾಗ ಅಂಗೈಯೊಡ್ಡಿ ಕಣ್ಣಿಗೆ ಒತ್ತಿಕೊಂಡರು.

ಆ ವರ್ಷ ಮಳೆ ಚೆನ್ನಾಗಿ ಆಯಿತು, ಕೆರೆ ತುಂಬಿತು. ಪಂಪಿನ ಹಿಡಿಯನ್ನು ನಾಲ್ಕು ಸಲ ಒತ್ತಿದರೆ ಬಿಂದಿಗೆಗೆ ನೀರು ಸುರಿಯುತ್ತಿತ್ತು. ಮೈಭಾರ ಬಿಟ್ಟರೆ ಸಾಕು, ತೋಳಿಗೆ ಕೆಲಸವೇ ಇಲ್ಲ. ಹೊತ್ತು ನಡೆಯುವುದೂ ಇಲ್ಲ, ಮೆಟ್ಟಿಲು ದಾಟಿದರೆ ಒಲೆ. ಸ್ನಾನದ ಹಂಡೆಗೆ ಅಮ್ಮ ನಲ್ಲಿಯ ನೀರು ತುಂಬಿಸಿಕೊಳ್ಳತೊಡಗಿದಳು, ಇನ್ನು ಅತ್ತಿಗೆ ಸ್ವಲ್ಪ ಕೂತು ಜಪ ಮಾಡಲಿ ಎಂದಳು. ನಂಜತ್ತೆ ಕೂತರು. ಜಡಿಮಳೆಗೆ ತುಳಸಿಕಟ್ಟೆಯ ಸುತ್ತ ಪಾಚಿ ಕಟ್ಟಿ ನಮಸ್ಕಾರ ನಿಂತಿತು. ಗುಂಡುಕಲ್ಲು ಒರಳಿಗೆ ಮರಳಿತು. ಬೀದಿಯ ಹೆಂಗಸರು, ನಂಜಮ್ಮನವರು ಈಗ ಸ್ವಲ್ಪ ಮೈ ಕೈ ತುಂಬಿಕೊಂಡಿದ್ದಾರೆ, ಬಣ್ಣ ಬಂದಿದೆ ಎಂದು ಮೆಚ್ಚಿಕೊಂಡರು. ಅಪ್ಪ ಹಿಗ್ಗಿದರು. ನಾನು ಕಾಲೇಜು, ಹೊಸ ಗೆಳತಿಯರು ಎಂದು ಓಡಾಡುತ್ತಿದ್ದೆ, ಹಿತ್ತಲ ಕಡೆ ನೋಡಿದ್ದೇ ಕಡಿಮೆ.

ಧನುರ್ಮಾಸದ ಚಳಿಯಲ್ಲಿ ಒಂದು ಬೆಳಿಗ್ಗೆ ಪೂಜೆಯ ಮಣೆಯ ಮೇಲೆ ಕೂತವರು ಎಷ್ಟು ಹೊತ್ತಾದರೂ ಏಳಲಿಲ್ಲ. ಜಪ ಎಂದುಕೊಂಡೆವು. ಹತ್ತಿರ ಹೋದಾಗ ಅವರು ಕಂಬದ ಕಡೆಗೆ ತೆವಳುತ್ತಿದ್ದರು. ನಾನು ಕೈ ಕೊಡಲು ಬಗ್ಗಿದೆ, ಮಡಿ ಮಡಿ ಎಂದು ದೂರ ಸರಿಸಿದರು, ಕಂಬ ತಬ್ಬಿಕೊಂಡು ಎದ್ದರು. ಚಳಿಗೆ ಕಾಲು ಹಿಡಿದಿದೆ ಎಂದು ಅಪ್ಪ ಎಳ್ಳೆಣ್ಣೆ ತಂದುಕೊಟ್ಟರು. ಮಾಘದಲ್ಲಿ ನಮ್ಮ ತಾತನ ತಿಥಿ ಬಂತು. ವರ್ಷವರ್ಷದಂತೆ ನಂಜತ್ತೆಯದೇ ಅಡುಗೆ, ಆದರೆ ಆ ಸಲ ಪಾಯಸದ ಪಾತ್ರೆ ಇಳಿಸುವಾಗ ಅಮ್ಮನನ್ನು ಕರೆದರು. ಹಾಗೆ ಕರೆದದ್ದು ಅದೇ ಮೊದಲು. ಅಮ್ಮ ಅದನ್ನು ಗಮನಿಸಿ ನನ್ನ ಮುಖ ನೋಡಿದಳು.

ಮತ್ತೆ ಬೇಸಿಗೆ. ಯುಗಾದಿ ಕಳೆದ ಮೇಲೆ ಪಂಪು ಕೆಮ್ಮತೊಡಗಿತು. ಹಿಡಿ ಒತ್ತಿದರೆ ಗಾಳಿ, ಒಂದಷ್ಟು ಕೆಸರು, ಮತ್ತೆ ಗಾಳಿ. ಅಪ್ಪ ಕಚೇರಿಗೆ ಹೋಗಿದ್ದರು. ಅಮ್ಮ ಮುನಿಸ್ವಾಮಿಗೆ ಹೇಳಿಕಳುಹಿಸಿದಳು. ಅವನು ಪಾಪ, ಯಾವ ಮನೆಯಲ್ಲಿ ಯಾವ ಸುಳ್ಳು ಹೇಳಿದ್ದಾರೆ ಎಂದು ಅವನಿಗೇನು ಗೊತ್ತು. ನಂಜತ್ತೆ ಮೆಟ್ಟಿಲ ಮೇಲೆ ಖಾಲಿ ಬಿಂದಿಗೆ ಇಟ್ಟುಕೊಂಡು ಕೂತಿದ್ದಂತೆ, ಪಂಪಿನ ತಲೆ ಬಿಚ್ಚಿ, ಸಲಾಕೆ ಹೊರಗೆಳೆದು, ತುದಿಯಲ್ಲಿದ್ದ ಕಪ್ಪನೆಯ ಬಟ್ಟಲಿನಂಥದ್ದನ್ನು ಕಿತ್ತು ಬೆಳಕಿಗೆ ಹಿಡಿದ.

"ತೊಗಲು ಸವೆದು ಹೋಗೈತೆ ಅಮ್ಮಾವ್ರೇ" ಅಂದ. "ಅಂಗಡೀಲಿ ಹೊಸದು ತಂದು ಎಣ್ಣೇಲಿ ನೆನೆಹಾಕಿ ಹಾಕ್ಕೊಡ್ತೀನಿ. ರಬ್ಬರಿಂದು ಹಾಕ್ಬೋದು, ಆದ್ರೆ ಅದು ನೀರು ಹಿಡಿಯಾಕಿಲ್ಲ. ಯಜಮಾನ್ರಿಗೂ ಆವತ್ತೇ ಹೇಳಿದ್ದೆ."

ಅಮ್ಮ ಬಾಯಿಗೆ ಸೆರಗು ಮುಚ್ಚಿಕೊಂಡಳು. ನಂಜತ್ತೆ ಆ ಬಟ್ಟಲನ್ನು ಬಹಳ ಹೊತ್ತು ನೋಡಿದರು. ಸಂಜೆ ಅಪ್ಪ ಬಂದು, ವಿಷಯ ತಿಳಿದು, ಷರಟನ್ನೂ ಬಿಚ್ಚದೆ ಹಿತ್ತಲಿಗೆ ಬಂದು ಅವರ ಮುಂದೆ ನಿಂತರು. ಅಪ್ಪ ಅಳುವುದನ್ನು ನಾನು ನೋಡಿದ್ದು ಆವತ್ತು. ನೀನು ಬಾವಿಗೆ ಬೀಳ್ತೀಯ ಅಂತ ಹೆದರಿ ಹೀಗೆ ಮಾಡಿದೆ ಅಕ್ಕಯ್ಯ ಎಂದರು. ನಂಜತ್ತೆ ಬೈಯಲಿಲ್ಲ. ಬೈದಿದ್ದರೆ ಮನೆ ಹಗುರವಾಗುತ್ತಿತ್ತು.

"ಅಪ್ಪನ ತಿಥೀನೂ ಇದೇ ನೀರಲ್ಲಿ ಆಗ್ಹೋಯ್ತಲ್ಲೋ" ಎಂದರು. ಆಮೇಲೆ ಬಾವಿಯ ಕಡೆ ತಿರುಗಿ, "ಚಪ್ಪಡಿ ತೆಗೆಸು" ಎಂದರು.

ಬೆಳಿಗ್ಗೆ ಮುನಿಸ್ವಾಮಿ ಇನ್ನಿಬ್ಬರನ್ನು ಕರೆತಂದು ಹಾರೆ ಹಾಕಿ ಚಪ್ಪಡಿಗಳನ್ನು ಸರಿಸಿದ. ಒಂದು ವರ್ಷದ ಮುಗ್ಗುಲು ವಾಸನೆ ಬಾವಿಯಿಂದ ಎದ್ದಿತು. ಅಟ್ಟದಿಂದ ರಾಟೆ ಇಳಿಸಿ ಎಣ್ಣೆ ಬಿಟ್ಟು ಕಟ್ಟಿದರು. ಹೊಸ ತೆಂಗಿನ ನಾರಿನ ಹಗ್ಗ ಬಂತು. ನಂಜತ್ತೆ ಸ್ನಾನ ಮಾಡಿ, ಒದ್ದೆಯುಟ್ಟು, ಕಚ್ಚೆ ಬಿಗಿದು ಕಟ್ಟೆಯ ಬಳಿ ನಿಂತರು. ಬಿಂದಿಗೆ ಇಳಿಯಿತು, ಮುಳುಗಿತು. ಜಗ್ಗಿದರು. ರಾಟೆ ಒಂದು ಸುತ್ತು ಕಿರ್ ಎಂದು ನಿಂತಿತು. ಮತ್ತೆ ಜಗ್ಗಿದರು, ಹಗ್ಗ ಎಷ್ಟು ಮೇಲೆ ಬಂತೋ ಅಷ್ಟೇ ಜಾರಿ ಕೆಳಗಿಳಿಯಿತು. ಒಂದು ಕಾಲನ್ನು ಕಟ್ಟೆಗೆ ಒದ್ದು ಹಿಂದಕ್ಕೆ ಬಾಗಿದರು. ತೋಳಿನ ಸಡಿಲ ಚರ್ಮ ಅಲುಗುತ್ತಿತ್ತು. ನಾವೆಲ್ಲ ಹಿತ್ತಲ ಬಾಗಿಲಲ್ಲಿ ನಿಂತಿದ್ದೆವು, ಯಾರೂ ಮುಂದೆ ಹೋಗಲಿಲ್ಲ. ಹೋದರೆ ಇನ್ನೂ ಅವಮಾನ ಎಂದು ಎಲ್ಲರಿಗೂ ಗೊತ್ತಿತ್ತು. ಕೊನೆಗೆ ಹಗ್ಗವನ್ನು ಕಂಬಕ್ಕೆ ಸುತ್ತಿ, ಬಿಂದಿಗೆಯನ್ನು ನೀರಿನಲ್ಲೇ ಬಿಟ್ಟು, ಬಾವಿಕಟ್ಟೆಗೆ ಬೆನ್ನು ಕೊಟ್ಟು ಕೂತುಬಿಟ್ಟರು.

ಮಾರನೆಯ ದಿನ ಬಿಂದಿಗೆಯ ಬದಲು ತಂಬಿಗೆ ಕಟ್ಟಿದರು. ಅದು ಬಂತು, ಆದರೆ ರಾಟೆಗೆ ಬಡಿದು ಅರ್ಧ ಚೆಲ್ಲಿತು. ಆ ನೀರಿನಲ್ಲಿ ಅಡುಗೆ ಆಗುವುದಿಲ್ಲ, ಕುಡಿಯಲು ಸಾಕು. ಬಾಳೆಹಣ್ಣು, ಹಾಲು, ಎಳನೀರು ಎಂದು ದಿನ ನೂಕಿದರು. ಗುಂಡುಕಲ್ಲಿನ ಹತ್ತಿರವೂ ಹೋದರು, ಅಲುಗಾಡಿಸಿ ನೋಡಿದರು, ಬಿಟ್ಟರು. ಹಿಂದಿನ ಬೇಸಿಗೆ ಅದೇ ಕಲ್ಲನ್ನು ಹೊತ್ತು ತಂದುಕೊಂಡ ಬಲ ಈಗ ಹೋಗಿತ್ತು. ಅದನ್ನು ಮತ್ತೆ ತರಲು ಹೊಟ್ಟೆಗೆ ಅನ್ನ ಬೇಕು, ಅನ್ನಕ್ಕೆ ನೀರು ಬೇಕು, ನೀರಿಗೆ ಬಲ ಬೇಕು. ನಾನು ಮಡಿಯುಟ್ಟು ಸೇದಿಕೊಡುತ್ತೇನೆ ಎಂದೆ. ತಲೆಯಾಡಿಸಿದರು. ಅಪ್ಪ ಅವರ ಕಾಲು ಹಿಡಿದರು. ಅದಕ್ಕೂ ಇಲ್ಲ. ತಂಬಿಗೆ ಸೇದುವುದೂ ದಿನದಿಂದ ದಿನಕ್ಕೆ ಕಡಿಮೆಯಾಯಿತು.

ಒಂದು ಮಧ್ಯಾಹ್ನ ನಾನು ಮುಂದಿನ ಅಂಗಳದ ಕಲ್ಲಿನ ಮೇಲೆ ಪುಸ್ತಕ ಹಿಡಿದು ಕೂತಿದ್ದೆ. ಪರೀಕ್ಷೆ ಹತ್ತಿರವಿತ್ತು. ಗೋಡೆ ಸವರುವ ಸದ್ದು ಕೇಳಿ ತಲೆಯೆತ್ತಿದೆ. ನಂಜತ್ತೆ ಒಂದು ಕೈಯಲ್ಲಿ ತಾಮ್ರದ ತಂಬಿಗೆ ಹಿಡಿದು, ಇನ್ನೊಂದು ಕೈಯಲ್ಲಿ ಗೋಡೆ ಹಿಡಿದು, ಪಕ್ಕದ ಓಣಿಯಿಂದ ಬರುತ್ತಿದ್ದರು. ಮುಂದಿನ ಅಂಗಳಕ್ಕೆ ಅವರು ಹಗಲು ಹೊತ್ತು ಬಂದದ್ದನ್ನು ನಾನು ನೋಡಿರಲಿಲ್ಲ. ನೇರ ನಲ್ಲಿಯ ಹತ್ತಿರ ಹೋಗಿ ತಂಬಿಗೆಯನ್ನು ಕೆಳಗಿಟ್ಟರು. ನಾನು ಎದ್ದು ನಿಂತೆ. ಅದು ಹಳೆಯ ಹಿತ್ತಾಳೆ ನಲ್ಲಿ, ಹನಿ ಸೋರದಿರಲಿ ಎಂದು ಅಪ್ಪ ದಿನಾ ಬಿಗಿಯಾಗಿ ತಿರುಗಿಸಿಡುತ್ತಿದ್ದರು. ನಂಜತ್ತೆ ಅದಕ್ಕೆ ಕೈ ಹಾಕಿದರು. ಬೆರಳುಗಳು ಸುತ್ತಿಕೊಂಡವು, ತಿರುಗಲಿಲ್ಲ. ಎರಡೂ ಕೈ ಹಾಕಿದರು. ಹಾಕಿಕೊಂಡೇ ಸ್ವಲ್ಪ ಹೊತ್ತು ನಿಂತರು.

"ಇದೂ ಆಗ್ತಿಲ್ಲ ಕಣೇ" ಎಂದರು, ನನ್ನ ಕಡೆ ನೋಡದೆ. "ನೀನೇ ತಿರುಗಿಸು."

ತಿರುಗಿಸಿದೆ. ನೀರು ತಂಬಿಗೆಗೆ ಬಿತ್ತು. ಅವರು ಅಲ್ಲೇ ಕೂತು, ಎತ್ತಿ, ಗಟಗಟನೆ ಕುಡಿದರು.

ಅವತ್ತಿನಿಂದ ಅಮ್ಮ ಮಾಡಿದ ಅಡುಗೆಯನ್ನೇ ಉಂಡರು. ಮಡಿಯ ಮಾತನ್ನು ಮತ್ತೆ ಎತ್ತಲಿಲ್ಲ. ನಾವು ಮುಟ್ಟಿದರೂ ಏನೂ ಅನ್ನುತ್ತಿರಲಿಲ್ಲ, ಅದೇ ನಮಗೆ ಹೆಚ್ಚು ಕಷ್ಟವಾಯಿತು. ನಡುಮನೆಯ ಪಕ್ಕದ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿಕೊಂಡು ಇನ್ನೂ ಕೆಲವು ವರ್ಷ ಬದುಕಿದರು. ಅಮ್ಮ ಚೆನ್ನಾಗಿಯೇ ನೋಡಿಕೊಂಡಳು. ಕೊನೆಕೊನೆಗೆ ತುತ್ತು ಕಲಸಿ ಬಾಯಿಗಿಡುತ್ತಿದ್ದಳು. ಬಂದವರು ಕೇಳಿದರೆ, ಇವರು ನಮ್ಮ ಯಜಮಾನರ ಅಕ್ಕ ಎನ್ನುತ್ತಿದ್ದಳು, ಕೋಣೆಯ ಬಾಗಿಲು ಸ್ವಲ್ಪ ಮುಂದೆ ಮಾಡಿ. ಬಾವಿಗೆ ಅಪ್ಪ ಚಪ್ಪಡಿ ವಾಪಸು ಹೊದಿಸಲಿಲ್ಲ. ಮನೆ ಮಾರಿದವರು ನಾವು, ಮುಚ್ಚಿದವರು ಕೊಂಡವರು.

ಅಪ್ಪನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ, ಪ್ರೀತಿಯೂ ಇದೆ. ಮೊನ್ನೆ ನನ್ನ ಮಗ, ಅಪ್ಪನದೇ ಮೂಗು ಅವನಿಗೆ, ಅಪ್ಪನದೇ ಒಳ್ಳೆಯತನ, ನನ್ನ ಬಚ್ಚಲಿಗೆ ಹೊಸ ನಲ್ಲಿ ತಂದ. ಮೊಣಕೈಯಿಂದ ಒಂದು ತಟ್ಟು ತಟ್ಟಿದರೆ ನೀರು ಬರುತ್ತದಂತೆ. ಪ್ಲಂಬರ್ ಹಳೆಯದನ್ನು ಅರ್ಧ ಬಿಚ್ಚಿದ್ದ. ಅದನ್ನು ಮತ್ತೆ ಹಾಕಿಸಿದೆ. ಅಮ್ಮನಿಗೆ ಹಟ ಜಾಸ್ತಿಯಾಗಿದೆ ಎಂದು ಮಗ ಸೊಸೆಗೆ ಹೇಳಿದ್ದು ನನಗೆ ಕೇಳಿಸಿತು. ಕೇಳಿಸಲಿ ಎಂದೇ ಹೇಳಿರಬಹುದು.

ಬೆಳಿಗ್ಗೆ ಎದ್ದ ಕೂಡಲೇ ಮೊದಲು ರಾಟೆ, ಆಮೇಲೆ ಬಚ್ಚಲು. ನಲ್ಲಿಯನ್ನು ನಾನೇ ತಿರುಗಿಸುತ್ತೇನೆ, ಬಲಗೈಯಿಂದ. ಇವತ್ತು ಎರಡೂ ಕೈ ಬೇಕಾಯಿತು.